ಮೂರು ಸಲ ಬಿಚ್ಚಿದ ಮೇಲೆ ಸುಮ್ಮನಾದ ಡಿಫರೆನ್ಷಿಯಲ್

"ಕ್ರೌನ್ ಪಿನಿಯನ್ ಸೆಟ್ಟಿಂಗ್ ಮನೇಲಿ ಆಗೋ ಕೆಲಸ ಅಲ್ಲ" ಅಂದವರೇ ಎಲ್ಲರೂ. ಡಿಫರೆನ್ಷಿಯಲ್ ಒಳಗೆ ಇಂಜಿನ್ ತಿರುಗಾಟವನ್ನು ಚಕ್ರಗಳ ಕಡೆ ತಿರುಗಿಸುವ ದೊಡ್ಡ ಗೇರು (ಕ್ರೌನ್), ಚಿಕ್ಕ ಗೇರು (ಪಿನಿಯನ್), ಇವೆರಡನ್ನೂ ಸರಿಯಾಗಿ ಕೂರಿಸೋದೇ ಈ ಸೆಟ್ಟಿಂಗ್. ನನ್ನ ಪಿಕಪ್‌ನ ಹಿಂದಿನ ಡಿಫರೆನ್ಷಿಯಲ್ ಈಗ ಹತ್ತು ಸಾವಿರ ಕಿ.ಮೀ. ದಾಟಿದೆ, ಊಳಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ 60 ಕಿ.ಮೀ. ವೇಗದ ಆಸುಪಾಸು ಆಕ್ಸಿಲರೇಟರ್ ಒತ್ತಿದರೆ ಊಂ ಅನ್ನೋದು, ಕಾಲು ತೆಗೆದರೆ ಮಾಯ. 80ಡಬ್ಲ್ಯೂ-90 ಗೇರ್ ಎಣ್ಣೆ ಇಳಿಸಿ, ಅದಕ್ಕಿಂತ ಗಟ್ಟಿಯಾದ 85ಡಬ್ಲ್ಯೂ-140 ಸುರಿದೆ. ನಾಲ್ಕು ದಿನ ಕಮ್ಮಿ ಆದ ಹಾಗಿತ್ತು, ಆಮೇಲೆ ಅದೇ ರಾಗ. ಎಣ್ಣೆ ದುಡ್ಡು ದಂಡ.

ಮೊದಲ ಸಲ ಹೊಸ ಗೇರ್ ಸೆಟ್, ಹೊಸ ಬೇರಿಂಗ್ ಹಾಕಿ, ಪಿನಿಯನ್ ಎಷ್ಟು ಆಳ ಕೂರಬೇಕು ಅಂತ ಹೊಂದಿಸುವ ತೆಳು ಬಿಲ್ಲೆ, ಅಂದರೆ ಶಿಮ್, ಹಳೇದನ್ನೇ ತುರುಕಿದೆ. ಸೋಮಾರಿತನ, ಇನ್ನೇನು! ಶಬ್ದ ಜಾಸ್ತಿಯೇ ಆಯಿತು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ನೋಡಿದರೆ, ಹಲ್ಲು ಹಲ್ಲಿಗೆ ತಾಗಿದ ಗುರುತು ಬುಡಕ್ಕೆ ಇಳಿದಿತ್ತು, ಅಂದರೆ ಪಿನಿಯನ್ ಆಳ ಜಾಸ್ತಿ. ಶಿಮ್ ಬದಲಿಸೋಣ ಅಂತ ಪುಲ್ಲರ್ ಹಾಕಿ ಎಳೆದೆ, ಹೊಸ ಬೇರಿಂಗಿನ ಕೇಜ್ (ರೋಲರ್ ಹಿಡಿಯುವ ಚೌಕಟ್ಟು) ನಜ್ಜುಗುಜ್ಜಾಯಿತು.

ಎರಡನೇ ಸಲ ಆಳ ಸರಿ ಬಂತು. ಪಿನಿಯನ್ ನಟ್ ಬಿಗಿಯುವಾಗ ಎಡವಿದೆ. ಪಿನಿಯನ್ ಬೇರಿಂಗುಗಳ ನಡುವೆ ಕೂತು, ನಟ್ ಬಿಗಿದಂತೆ ಕುಗ್ಗುವ ಕೊಳವೆ ಕ್ರಶ್ ಸ್ಲೀವ್. ಅದನ್ನು ಕುಗ್ಗಿಸೋಕೆ ತುಂಬಾ ಜೋರು ಬೇಕು, ಉದ್ದನೆ ಪೈಪಿನ ಮೇಲೆ ನೇತಾಡಿದ್ದೆ. ಕೊನೇ ಕಾಲು ಸುತ್ತಿನಲ್ಲಿ ಪ್ರೀಲೋಡ್, ಅಂದರೆ ಬೇರಿಂಗಿನ ಮೇಲಿನ ಬಿಗಿತ, ಮಿತಿ ದಾಟಿತು. ನಟ್ಟನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ 'ನಡೆಯುತ್ತೆ ಬಿಡು' ಅಂದುಕೊಂಡೆ. ನಡೆಯಲಿಲ್ಲ. ನೂರು ಕಿ.ಮೀ. ಆಗುವಷ್ಟರಲ್ಲಿ ಪಿನಿಯನ್ ತುದಿಯ ತಟ್ಟೆ (ಫ್ಲಾಂಜ್) ಹಿಡಿದು ಅಲ್ಲಾಡಿಸಿದರೆ ಲಟಕ್ ಅನ್ನುತ್ತಿತ್ತು. ಒಮ್ಮೆ ಕುಗ್ಗಿದ ಸ್ಲೀವ್ ಮತ್ತೆ ಉಬ್ಬುವುದಿಲ್ಲ, ಅಲ್ವಾ?

ಮೂರನೇ ಸಲ ಆತುರ ಬಿಟ್ಟೆ. ಕೆಟ್ಟುಹೋದ ಬೇರಿಂಗಿನ ಒಳಭಾಗ ತಿಕ್ಕಿ, ಕೈಯಲ್ಲೇ ಜಾರಿ ಕೂರುವ ಹಾಗೆ ಮಾಡಿದೆ. ಅದನ್ನೇ ಇಟ್ಟು, ಸ್ಲೀವ್ ಇಲ್ಲದೆ, ಏಳೋ ಎಂಟೋ ಬಾರಿ ಹಾಕಿ ತೆಗೆದು ಶಿಮ್ ಹುಡುಕಿದೆ. ಅರ್ಧ ದಿನ ಹಿಡಿಯಿತು, ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಸಾಲ ತಂದ ಡಯಲ್ ಗೇಜಿನಲ್ಲಿ ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್ 0.15 ಮಿ.ಮೀ. ಹತ್ತಿರ ನಿಂತಿತು. ಕ್ರೌನ್ ವೀಲಿನ ಮೂರ್ನಾಲ್ಕು ಕಡೆ ನೋಡಿದೆ, ಒಂದೇ ಕಡೆ ನೋಡಿ ನಂಬಬೇಡಿ.

ಗುರುತು ಹಿಡಿಯೋಕೆ ಹಳದಿ ಬಣ್ಣದಿಂದ ನಾನೇ ಪೇಸ್ಟ್ ಮಾಡಿದ್ದೆ. ಅಂಗಡಿಯದಕ್ಕಿಂತ ಚೆನ್ನಾಗಿ ಅಚ್ಚು ಬೀಳುತ್ತೆ. ಅದಕ್ಕೆ ಏನು ಬೆರೆಸಿದೆ ಅನ್ನೋದು ನನ್ನಲ್ಲೇ ಇರಲಿ.

ಆಮೇಲೆ ಹೊಸ ಬೇರಿಂಗ್, ಹೊಸ ಸ್ಲೀವ್, ಹೊಸ ನಟ್. ಈ ಸಲ ನಟ್ ಚೂರುಚೂರೇ ತಿರುಗಿಸಿದೆ. ಫ್ಲಾಂಜಿಗೆ ದಾರ ಸುತ್ತಿ ತೂಕದ ಕೊಕ್ಕೆಯಿಂದ ಎಳೆದೆ. ಐದು ಸೆಂ.ಮೀ. ತ್ರಿಜ್ಯಕ್ಕೆ ಸುಮಾರು 4 ಕೆಜಿ ತೋರಿಸಿದ ಕೂಡಲೇ ಕೈ ತೆಗೆದೆ. ಇದು ಹೊಸ ಬೇರಿಂಗಿನ ಲೆಕ್ಕ, ಹಳೆಯದಕ್ಕೆ ಅರ್ಧ ಸಾಕು. ಸೈಡ್ ಕ್ಯಾಪ್‌ಗಳಿಗೆ ಅದಲು ಬದಲಾಗದಿರಲಿ ಅಂತ ಬಿಚ್ಚುವಾಗಲೇ ಪಂಚ್ ಗುರುತು ಹೊಡೆದಿದ್ದೆ, ಅದೊಂದು ಬುದ್ಧಿ ಮೊದಲಿಂದಲೂ ಇತ್ತು.

ಮೊದಲ ದಿನ ಇಪ್ಪತ್ತು ಕಿ.ಮೀ. ಓಡಿಸಿ, ಹೌಸಿಂಗ್ ತಣ್ಣಗಾಗಲು ಬಿಟ್ಟು, ಮತ್ತೆ ಓಡಿಸಿದೆ. ಎಂಟುನೂರು ಕಿ.ಮೀ.ಗೆ ಎಣ್ಣೆ ಬದಲಿಸಿದಾಗ ಮ್ಯಾಗ್ನೆಟ್ಟಿಗೆ ಬೂದು ಪುಡಿ ಅಂಟಿತ್ತು, ಚೂರುಗಳಿರಲಿಲ್ಲ.

ಹಾಳು ಮಾಡಿದ ಬೇರಿಂಗ್, ಸ್ಲೀವ್ ಸೇರಿಸಿದರೂ ವರ್ಕ್‌ಶಾಪಿನವರು ಕೇಳಿದ್ದರ ಅರ್ಧಕ್ಕಿಂತ ಕೊಂಚ ಮೇಲೆ ಮುಗಿಯಿತು. ಆಗಲ್ಲ ಅಂದಿದ್ದವರಲ್ಲೊಬ್ಬರು ಮೊನ್ನೆ ಜೊತೆಗೆ ಕೂತು ಬಂದರು. 60, 70, 80. ಇಳಿಯುವಾಗ ಕೇಳಿದ್ದು ಒಂದೇ: ಆ ಹಳದಿ ಪೇಸ್ಟಿಗೆ ಏನು ಬೆರೆಸ್ತೀಯಾ?