ಎಂಟಡಿ ಪ್ಲೈವುಡ್‌ನಲ್ಲಿ ಕಾರಿನ ಹಿಂದೊಂದು ಮನೆ

ಇಬ್ಬರು ಮಲಗುವಷ್ಟು ಗೂಡು, ಹಿಂದೆ ಕಾರಿನ ಡಿಕ್ಕಿಯಂತೆ ಮೇಲಕ್ಕೆ ತೆರೆಯುವ ಅಡುಗೆ ಕಟ್ಟೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ಟಿಯರ್‌ಡ್ರಾಪ್ (ಕಣ್ಣೀರಿನ ಹನಿಯಾಕಾರದ) ಟ್ರೇಲರ್ ಅಂದರೆ ಇಷ್ಟೇ.

ಮರಕ್ಕೆ ಗರಗಸ ಹಾಕುವ ಮೊದಲು ಎರಡು ವಿಚಾರಣೆ. ನಿಮ್ಮ ಕಾರು ಎಷ್ಟು ಭಾರ ಎಳೆಯಬಹುದು ಅಂತ ಅದರ ಕೈಪಿಡಿಯಲ್ಲಿ ನೋಡಿ. ಬರೆದಿಲ್ಲವೇ? ಆ ಕಾರು ಬೇಡ. ಆಮೇಲೆ ಆರ್‌ಟಿಒ. 1988ರ ಮೋಟಾರು ವಾಹನ ಕಾಯ್ದೆಯಡಿ ಟ್ರೇಲರಿಗೂ ನೋಂದಣಿ ಬೇಕು. ಯಾವ ಪರೀಕ್ಷೆ, ಯಾವ ಕಾಗದ ಅಂತ ಮೊದಲೇ ಕೇಳಿ. ಕಟ್ಟಿದ ಮೇಲೆ ಕೇಳಿದರೆ ಅದು ಅಂಗಳದಲ್ಲಿ ಮಕ್ಕಳ ಆಟದ ಮನೆಯಾಗಿ ಉಳಿದೀತು!

ಅಳತೆಯನ್ನು ಪ್ಲೈವುಡ್ ಶೀಟೇ ಹೇಳುತ್ತದೆ: 8 ಅಡಿ, 4 ಅಡಿ. ನೀರು ತಡೆಯುವ ಐಎಸ್ 710 ದರ್ಜೆಯದ್ದೇ ತನ್ನಿ. ಎರಡು ಶೀಟು ಒಂದರ ಮೇಲೊಂದಿಟ್ಟು, ಕ್ಲಾಂಪ್ ಬಿಗಿದು, ಪಕ್ಕದ ಗೋಡೆಗಳನ್ನು ಹನಿಯಾಕಾರದಲ್ಲಿ ಒಟ್ಟಿಗೇ ಕೊಯ್ಯಿರಿ. ಮಲಗಲು ಆರೂಕಾಲು ಅಡಿ, ಉಳಿದದ್ದು ಅಡುಗೆಗೆ.

ಚಾಸಿ, ಅಂದರೆ ಅಡಿಯ ಲೋಹದ ಚೌಕಟ್ಟು, ಮಾತ್ರ ಅನುಭವಿ ವೆಲ್ಡರ್ ಕೈಯಲ್ಲೇ ಆಗಲಿ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿ. ನಮ್ಮ ಹಂಪ್‌ಗಳನ್ನು ನೆನಪಿಟ್ಟು ನೆಲದಿಂದ ಎತ್ತರ ಇಡಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ತೂಕದ ಹಂಚಿಕೆ. ಒಟ್ಟು ಭಾರದಲ್ಲಿ ಶೇ 10ರಿಂದ 15ರಷ್ಟು ಕಾರಿಗೆ ಸಿಕ್ಕಿಸುವ ಮೂತಿಯ ಮೇಲೆ ಬೀಳಬೇಕು. 400 ಕಿಲೋ ಟ್ರೇಲರಿಗೆ 40ರಿಂದ 60 ಕಿಲೋ. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡಿ ಕಾರನ್ನೂ ಎಳೆದಾಡುತ್ತದೆ. ಅಡುಗೆ ಕಟ್ಟೆ ಹಿಂದಿರುವುದರಿಂದ ಅಪಾಯ ಜಾಸ್ತಿ. 20 ಲೀಟರಿನ ನೀರಿನ ಕ್ಯಾನ್ ಒಂದೇ 20 ಕಿಲೋ, ಅಲ್ವಾ? ಆದ್ದರಿಂದ ಆಕ್ಸಲ್ಲನ್ನು (ಚಕ್ರಗಳ ಅಚ್ಚನ್ನು) ನಡುವಿಗಿಂತ ತುಸು ಹಿಂದಿಡಿ. ಮೊದಲು ತಾತ್ಕಾಲಿಕವಾಗಿ ಬಿಗಿದು, ಗ್ಯಾಸ್, ನೀರು, ಹಾಸಿಗೆ ಎಲ್ಲ ತುಂಬಿ. ಚಕ್ರಕ್ಕೆ ಕಲ್ಲು ಕೊಟ್ಟು, ಮೂತಿಯ ಕೆಳಗೆ ಮರದ ತುಂಡಿಟ್ಟು, ಅದರಡಿ ಮನೆಯ ತೂಕದ ಯಂತ್ರ ಇಡಿ. ಟ್ರೇಲರ್ ಮಟ್ಟವಾಗಿರಲಿ. ಲೆಕ್ಕ ಸರಿಬಂದ ಮೇಲೆ ಕಾಯಂ ವೆಲ್ಡಿಂಗ್.

ಸೂರಿಗೆ ಅಡಿಗೊಂದು ಅಡ್ಡಪಟ್ಟಿ ಕೊಡಿ. ಬಗ್ಗುವ ತೆಳು ಪ್ಲೈವುಡ್ಡನ್ನು ಎರಡು ಪದರ ಅಂಟಿಸಿ, ಮೇಲೆ ಅಲ್ಯೂಮಿನಿಯಂ ಹಾಳೆ. ಪ್ಲೈವುಡ್ ಅಂಚುಗಳಿಗೆಲ್ಲ ನೀರು ಇಳಿಯದಂತೆ ಎಪಾಕ್ಸಿ ಅಂಟು ಕುಡಿಸಿ. ನೀರು ಸೋರುವುದು ಬಹುತೇಕ ಹಿಂದಿನ ಬಾಗಿಲಿನ ಹಿಂಜ್ ಬಳಿ. ಅಲ್ಲಿಗೆ ರಬ್ಬರ್ ಕೊಟ್ಟು, ಪೈಪಿನಲ್ಲಿ ನೀರು ಹೊಡೆದು ನೋಡಿ.

ಎರಡೂ ಕಡೆ ಕಿಟಕಿ, ಮೇಲೊಂದು ಗಾಳಿಕಿಂಡಿ ಇರಲೇಬೇಕು. ಒಳಗೆ ಸ್ಟೌವ್ ಹಚ್ಚಲೇಬಾರದು. ಬ್ರೇಕ್ ಲೈಟು, ಇಂಡಿಕೇಟರ್, ಕಾರಿಗೂ ಟ್ರೇಲರಿಗೂ ನಡುವೆ ಅಡ್ಡಡ್ಡ ಬಿಗಿದ ಎರಡು ಸರಪಳಿ, ಇವಿಲ್ಲದೆ ಗೇಟು ದಾಟಬೇಡಿ. ನೋಂದಣಿಯಾದ ಮೇಲೆ ಬೆಳಗಿನ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿ, ವಾಪಸು ಬಂದು ಚಕ್ರದ ನಟ್ಟುಗಳನ್ನು ಮತ್ತೆ ಬಿಗಿಯಿರಿ.