ಉಪ್ಪು ಕಮ್ಮಿ, ರುಚಿ ಜಾಸ್ತಿ: ಮನೆಯಲ್ಲೇ ವೀಗನ್ ಸ್ಟರ್ ಫ್ರೈ ಸಾಸ್

ತರಕಾರಿ ತಾಜಾ ಇದೆ, ಬಾಣಲೆಯೂ ಚೆನ್ನಾಗಿ ಕಾದಿದೆ. ಆದರೂ ಸ್ಟರ್ ಫ್ರೈ ಸಪ್ಪೆ ಅನಿಸುತ್ತದೆ. ಆಗ ಕೈ ತಾನಾಗಿ ಸೋಯಾ ಸಾಸ್ ಬಾಟಲಿಯ ಕಡೆಗೆ ಹೋಗುತ್ತದೆ, ಅಲ್ವಾ? ತೊಂದರೆ ಶುರುವಾಗುವುದೇ ಅಲ್ಲಿ. ಮಾಮೂಲಿ ಸೋಯಾ ಸಾಸ್‌ನ ಒಂದು ದೊಡ್ಡ ಚಮಚದಲ್ಲಿ, ಅಂದರೆ 15 ಮಿ.ಲೀ.ನಲ್ಲಿ, ಉಪ್ಪಿನ ಅಂಶವಾದ ಸೋಡಿಯಂ ಸುಮಾರು 900 ಮಿಲಿಗ್ರಾಂ ಇರುತ್ತದೆ. ದೊಡ್ಡವರು ದಿನಕ್ಕೆ 2,000 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಟ್ಟೆಗೆ ಎರಡು ಚಮಚ ಬಿದ್ದರೆ ಇಡೀ ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿದಂತೆ.

ಸಾಸ್ ವೀಗನ್, ಅಂದರೆ ಪ್ರಾಣಿಮೂಲದ್ದೇನೂ ಇಲ್ಲದ್ದು, ಆದ ಮಾತ್ರಕ್ಕೆ ಆರೋಗ್ಯಕ್ಕೆ ಒಳ್ಳೆಯದು ಅಂತೇನಿಲ್ಲ. ಅಂಗಡಿಯ ಬಾಟಲಿ ತಿರುಗಿಸಿ ಓದಿ. ಸಾಮಾನ್ಯವಾಗಿ ಯಾವುದು ಜಾಸ್ತಿ ಇದೆಯೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಸಕ್ಕರೆ ಮೇಲುಗಡೆಯೇ ಕಂಡರೆ ಆ ಬಾಟಲಿ ಬೇಡ. ಆಯ್‌ಸ್ಟರ್ ಸಾಸ್‌ನಲ್ಲಿ ಸಿಂಪಿಯ ಸಾರ ಇರುತ್ತದೆ. ಫಿಶ್ ಸಾಸ್, ಜೇನುತುಪ್ಪ ಕೂಡ ಕೆಲವು ಸಾಸ್‌ಗಳೊಳಗೆ ಸದ್ದಿಲ್ಲದೆ ಸೇರಿರುತ್ತವೆ.

ಹಾಗಾದರೆ ಉಪ್ಪು ಇಳಿಸಿಯೂ ರುಚಿ ಉಳಿಸುವುದು ಹೇಗೆ? ನನ್ನ ಉತ್ತರ ಒಂದೇ: ಒಣಗಿಸಿದ ಶಿಟಾಕೆ ಅಣಬೆ.

ಬಾಯಿ ತುಂಬುವ ಆ ಗಾಢ ರುಚಿಗೆ ಉಮಾಮಿ ಎನ್ನುತ್ತಾರೆ. ಅದರ ಮೂಲ ಗ್ಲುಟಮೇಟ್ ಎಂಬ ಅಂಶ ಎಂದು 1908ರಲ್ಲಿ ಕಂಡುಕೊಂಡವರು ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ. ಸೋಯಾ ಸಾಸ್‌ನಲ್ಲಿ ಗ್ಲುಟಮೇಟ್ ಧಾರಾಳವಾಗಿದೆ. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ಅಂಶವಿದೆ. ಎರಡೂ ಒಟ್ಟಿಗೆ ಬಂದಾಗ ನಾಲಿಗೆಗೆ ರುಚಿ ಹಲವು ಪಟ್ಟು ಹೆಚ್ಚು ತಿಳಿಯುತ್ತದೆ. ಅದಕ್ಕೇ ಅಣಬೆ ನೆನೆಸಿದ ನೀರು ಇದ್ದರೆ ಸೋಯಾ ಸಾಸ್ ಅರ್ಧ ಸಾಕು.

ನಾಲ್ಕು ಜನರಿಗೆ ಆಗುವಷ್ಟು ಸಾಸ್‌ಗೆ ಐದು ಒಣ ಅಣಬೆ, ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಅಕ್ಕಿ ವಿನೆಗರ್, ಬೀಜ ತೆಗೆದ ಎರಡು ಖರ್ಜೂರ, ಮೂರು ಎಸಳು ಬೆಳ್ಳುಳ್ಳಿ, ಹೆಬ್ಬೆರಳಿನ ಅರ್ಧದಷ್ಟು ಶುಂಠಿ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದು ಚಿಕ್ಕ ಚಮಚ ಹುರಿದ ಎಳ್ಳಿನ ಎಣ್ಣೆ ಮತ್ತು ಚಿಟಿಕೆ ಕಾಳುಮೆಣಸಿನ ಪುಡಿ ಬೇಕು. ಗೋಧಿ ಆಗದವರು ಮಾಮೂಲಿ ಸೋಯಾ ಸಾಸ್ ಬದಲು ಗೋಧಿಯಿಲ್ಲದ ತಮಾರಿ (ಜಪಾನಿನ ಒಂದು ಬಗೆಯ ಸೋಯಾ ಸಾಸ್) ಬಳಸಲಿ.

ಮೊದಲು ಅಣಬೆ ತೊಳೆದು, ಒಂದೂವರೆ ಕಪ್ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಪುರುಸೊತ್ತಿದ್ದರೆ ರಾತ್ರಿಯೇ ತಣ್ಣೀರಿನಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ರುಚಿ ಇನ್ನೂ ಚೆನ್ನಾಗಿ ಇಳಿಯುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿ, ಏಕೆಂದರೆ ತಳದಲ್ಲಿ ಮಣ್ಣು ಕೂತಿರುತ್ತದೆ. ಸೋಸಿದ ನೀರಿಗೆ ಅಣಬೆಯನ್ನೂ ಖರ್ಜೂರವನ್ನೂ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಇದನ್ನು ಬಿಡಬೇಡಿ. ಶಿಟಾಕೆಯನ್ನು ಹಸಿಯಾಗಿ ಅಥವಾ ಅರೆಬೆಂದದ್ದು ತಿಂದರೆ ಕೆಲವರ ಮೈಮೇಲೆ ತುರಿಕೆಯ ಗೆರೆಗಳು ಏಳುತ್ತವೆ.

ಅಣಬೆ ಎತ್ತಿ ಪಕ್ಕಕ್ಕಿಡಿ. ಹೆಚ್ಚಿ ತರಕಾರಿ ಜೊತೆ ಹುರಿಯಲು ಅದೇ ಸಾಕು. ಗಟ್ಟಿ ತೊಟ್ಟು ಮಾತ್ರ ಕತ್ತರಿಸಿ ಎಸೆಯಿರಿ. ಉಳಿದ ನೀರು ಮುಕ್ಕಾಲು ಕಪ್ಪಿನಷ್ಟಿರಲಿ, ಕಮ್ಮಿಯಾದರೆ ನೀರು ಸೇರಿಸಿ. ಅದು ತಣ್ಣಗಾದ ಮೇಲೆ ಖರ್ಜೂರ, ಶುಂಠಿ, ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿ. ಸೋಯಾ ಸಾಸ್, ಕಾಳುಮೆಣಸು ಬೆರೆಸಿ. ಸಕ್ಕರೆ ಬೇಕಾಗುವುದೇ ಇಲ್ಲ. ಖರ್ಜೂರ ಸಿಹಿಯ ಜೊತೆಗೆ ಸಾಸ್‌ಗೆ ಸ್ವಲ್ಪ ಗಟ್ಟಿತನವನ್ನೂ ಕೊಡುತ್ತದೆ.

ಕೊನೆಗೆ ಕಾರ್ನ್‌ಫ್ಲೋರ್ ಬೆರೆಸಿ. ಅದು ಯಾವಾಗಲೂ ತಣ್ಣನೆಯ ದ್ರವಕ್ಕೇ ಸೇರಬೇಕು. ಬಿಸಿಗೆ ಹಾಕಿದರೆ ಪುಡಿಯ ಹೊರಪದರ ಥಟ್ಟನೆ ಬೆಂದು ಅಂಟಾಗುತ್ತದೆ, ಒಳಗೆ ಒಣ ಹಿಟ್ಟು ಸಿಕ್ಕಿಕೊಳ್ಳುತ್ತದೆ. ಗಂಟು ಆಗುವುದು ಹೀಗೆ. ಆಮೇಲೆ ಎಷ್ಟು ಕಲಕಿದರೂ ಒಡೆಯುವುದಿಲ್ಲ. ಕಲಸಿಟ್ಟದ್ದು ಬೇಗ ತಳಕ್ಕೆ ಕೂರುತ್ತದೆ. ಆದ್ದರಿಂದ ಬಾಣಲೆಗೆ ಸುರಿಯುವ ಮುಂಚೆ ಮತ್ತೊಮ್ಮೆ ತಿರುವಿ.

ಸಾಸ್ ಹಾಕುವ ಹೊತ್ತು ತುಂಬಾ ಮುಖ್ಯ. ತರಕಾರಿಯನ್ನು ಒರೆಸಿ ಒಣಗಿಸಿ, ಜೋರು ಉರಿಯಲ್ಲಿ ಹುರಿಯಿರಿ. ನೀರು ಬಿಟ್ಟ ತರಕಾರಿಗೆ ಎಂಥ ಸಾಸ್ ಹಾಕಿದರೂ ತೆಳ್ಳಗಾಗುತ್ತದೆ. ಮುಕ್ಕಾಲು ಬೆಂದಾಗ ಸಾಸ್ ಸುರಿಯಿರಿ. ಒಂದೆರಡು ನಿಮಿಷ ಕುದಿಯಲು ಬಿಡಿ. ಮಸುಕಾಗಿದ್ದ ಸಾಸ್ ಹೊಳಪು ಬಂದು ತರಕಾರಿಗೆ ಅಂಟಿಕೊಂಡರೆ ಹಿಟ್ಟು ಬೆಂದಿದೆ ಎಂದರ್ಥ. ಉರಿ ಆರಿಸಿ, ಆಮೇಲೆ ವಿನೆಗರ್ ಮತ್ತು ಎಳ್ಳಿನ ಎಣ್ಣೆ ಹಾಕಿ. ಕುದಿಯುವಾಗ ಹಾಕಿದರೆ ಇವೆರಡರ ಘಮ ಹಬೆಯ ಜೊತೆ ಹೋಗಿಬಿಡುತ್ತದೆ.

ಈ ಅಳತೆಯಲ್ಲಿ ಒಬ್ಬರಿಗೆ ಸೋಯಾ ಸಾಸ್‌ನಿಂದ ಸುಮಾರು 450 ಮಿಲಿಗ್ರಾಂ ಸೋಡಿಯಂ ಸಿಗುತ್ತದೆ. ಉಪ್ಪು ಕಡಿಮೆ ಇರುವ ಸೋಯಾ ಸಾಸ್ ಬಳಸಿದರೆ ಇನ್ನೂ ಇಳಿಯುತ್ತದೆ. ಬೇರೆ ಉಪ್ಪು ದಯವಿಟ್ಟು ಹಾಕಬೇಡಿ. ಏನೋ ಕಮ್ಮಿ ಅನಿಸಿದರೆ ಮೊದಲು ಕೆಲವು ಹನಿ ವಿನೆಗರ್ ಸೇರಿಸಿ ನೋಡಿ. ಹುಳಿ ಸೇರಿದರೆ ಇದ್ದ ಉಪ್ಪೇ ಎದ್ದು ಕಾಣುತ್ತದೆ. ಗಟ್ಟಿ, ತುಂಬಿದ ಸಾಸ್ ಇಷ್ಟಪಡುವವರು ಉಪ್ಪಿಲ್ಲದ ಕಡಲೆಕಾಯಿ ಬೆಣ್ಣೆಯನ್ನು ಒಂದು ಚಮಚ ರುಬ್ಬುವಾಗಲೇ ಹಾಕಿಕೊಳ್ಳಬಹುದು. ಆಗ ಕಾರ್ನ್‌ಫ್ಲೋರ್ ಅರ್ಧ ಸಾಕು.

ಎತ್ತಿಡುವುದಾದರೆ ಕಾರ್ನ್‌ಫ್ಲೋರ್, ವಿನೆಗರ್, ಎಳ್ಳಿನ ಎಣ್ಣೆ ಹಾಕದೆ ಇಡಿ. ಇದರಲ್ಲಿ ಹಸಿ ಬೆಳ್ಳುಳ್ಳಿ ಇದೆ, ಉಪ್ಪೂ ಕಮ್ಮಿ. ಹೊರಗಿಟ್ಟರೆ ಕೆಡುತ್ತದೆ. ಗಾಜಿನ ಬಾಟಲಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟು, ನಾಲ್ಕು ದಿನದೊಳಗೆ ಮುಗಿಸಿ. ಜಾಸ್ತಿ ಮಾಡಿದ್ದರೆ ಐಸ್ ಟ್ರೇಯಲ್ಲಿ ಹೊಯ್ದು ಫ್ರೀಜರ್‌ಗೆ ಹಾಕಿ. ಬೇಕಾದಾಗ ಒಬ್ಬರಿಗೆ ಎರಡು ಮೂರು ತುಂಡು ಕರಗಿಸಿಕೊಂಡು, ತಣ್ಣಗಿರುವಾಗಲೇ ಹಿಟ್ಟು ಬೆರೆಸಿ.