ನರ್ಸಿಂಗ್ ಸೀಟಿನಿಂದ ಮೊದಲ ಡ್ಯೂಟಿಯವರೆಗೆ

ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಎಷ್ಟೋ ಮನೆಗಳಿಗೆ ಏಜೆಂಟರ ಫೋನ್ ಬರುತ್ತದೆ. ಬೆಂಗಳೂರಿನಲ್ಲಿ ನರ್ಸಿಂಗ್ ಸೀಟಿದೆ, ಹಾಸ್ಟೆಲ್ ಇದೆ, ಕಾಲೇಜಿಗೆ ಬಸ್ಸಿದೆ, ಇವತ್ತೇ ಮುಂಗಡ ಕಟ್ಟಿದರೆ ಶುಲ್ಕದಲ್ಲಿ ರಿಯಾಯಿತಿ ಎಂದೆಲ್ಲ ಹೇಳುವ ಆ ಮಾತಿನಲ್ಲಿ ಆಸ್ಪತ್ರೆಯ ಹೆಸರು ಮಾತ್ರ ಬರುವುದಿಲ್ಲ. ನರ್ಸಿಂಗ್ ಕಲಿಯುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು. ಆದ್ದರಿಂದ ಸೀಟು ಹುಡುಕುವವರು ಕಾಲೇಜಿಗಿಂತ ಮೊದಲು ಅದರ ಬೆನ್ನಿಗಿರುವ ಆಸ್ಪತ್ರೆಯನ್ನು ವಿಚಾರಿಸುವುದು ಒಳ್ಳೆಯದು.

ಯಾವ ಕೋರ್ಸು?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿ ಶೇ 45 ಅಂಕ ಪಡೆದವರು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಅರ್ಹರು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಸಾಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಸರ್ಕಾರಿ ಕೋಟಾದ ಬಿ.ಎಸ್ಸಿ. ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ಮೂಲಕ ಹಂಚುತ್ತದೆ. ಸಿಇಟಿ ಎಂಜಿನಿಯರಿಂಗ್ ಮಕ್ಕಳಿಗೆ ಮಾತ್ರ ಎಂದು ತಿಳಿದು ಅರ್ಜಿಯನ್ನೇ ಹಾಕದೆ, ಆಮೇಲೆ ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಹೊಂದಿಸುವ ಕುಟುಂಬಗಳು ನಮ್ಮ ಕಡೆ ಇಂದಿಗೂ ಇವೆ.

ಕಲಾ ಅಥವಾ ವಾಣಿಜ್ಯ ವಿಭಾಗದವರಿಗೆ ಮೂರು ವರ್ಷದ ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಸೂಲಗಿತ್ತಿ ತರಬೇತಿ) ಡಿಪ್ಲೊಮಾ ಇದೆ. ಅದನ್ನು ಮುಗಿಸಿದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವಿ ಪಡೆಯಬಹುದು. ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ) ಮುಖ್ಯವಾಗಿ ಆರೋಗ್ಯ ಉಪಕೇಂದ್ರ ಮತ್ತು ಹಳ್ಳಿಗಳ ತಾಯಿ–ಮಗುವಿನ ಆರೈಕೆಗೆ ಸಂಬಂಧಿಸಿದ್ದು. ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವ ಆಸೆಯಿದ್ದವರು ಅದನ್ನು ಆರಿಸಬಾರದು.

ಕಾಲೇಜನ್ನು ಪರೀಕ್ಷಿಸುವುದು

ಕಾಗದಗಳ ಪರಿಶೀಲನೆ ಸುಲಭ. ಬಿ.ಎಸ್ಸಿ. ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಜಿಎನ್‌ಎಂ ಶಾಲೆಯಾದರೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಮಾನ್ಯತೆ ಇದೆಯೇ, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು. ನೀವು ಸೇರುವ ವರ್ಷಕ್ಕೆ ಆ ಮಾನ್ಯತೆ ಚಾಲ್ತಿಯಲ್ಲಿರುವುದೂ ಮುಖ್ಯ.

ಕಷ್ಟದ ಪರಿಶೀಲನೆ ಆಸ್ಪತ್ರೆಯದು. ಬಿ.ಎಸ್ಸಿ. ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಮಾತೃ ಆಸ್ಪತ್ರೆ, ಅಂದರೆ ಕಾಲೇಜಿನ ಸ್ವಂತ ಆಸ್ಪತ್ರೆ ಇರಬೇಕು, ಪ್ರತಿ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ. ಆದರೆ ಹಾಸಿಗೆ ಇರುವುದೇ ಬೇರೆ, ಹಾಸಿಗೆಯಲ್ಲಿ ರೋಗಿ ಇರುವುದೇ ಬೇರೆ. ಶುಲ್ಕ ಕಟ್ಟುವ ಮುನ್ನ ತಂದೆಯನ್ನೋ ತಾಯಿಯನ್ನೋ ಕರೆದುಕೊಂಡು, ವಾರದ ನಡುವಿನ ದಿನ ಬೆಳಿಗ್ಗೆ ಹತ್ತು ಗಂಟೆಗೆ ಆ ಆಸ್ಪತ್ರೆಗೆ ಹೋಗಿ ಹೊರರೋಗಿಗಳ ಸಾಲು ಎಷ್ಟುದ್ದ ಇದೆ ಎಂದು ನೋಡಿ. ಸಮವಸ್ತ್ರದಲ್ಲಿರುವ ಮೂರನೇ ವರ್ಷದ ವಿದ್ಯಾರ್ಥಿನಿ ಸಿಕ್ಕರೆ, ‘ಅಕ್ಕಾ, ನಿಮಗೆ ಲೇಬರ್ ವಾರ್ಡ್ ಪೋಸ್ಟಿಂಗ್ ಎಲ್ಲಿ ಹಾಕುತ್ತಾರೆ? ಹೆರಿಗೆ ನೀವೇ ಮಾಡಿಸಿದ್ದೀರೋ, ಬರೀ ನಿಂತು ನೋಡಿದ್ದೀರೋ?’ ಎಂದು ಕೇಳಿ. ಪ್ರಾಂಶುಪಾಲರ ಕೊಠಡಿಯಲ್ಲಿ ಸಿಗದ ಉತ್ತರ ಅಲ್ಲಿ ಸಿಗುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಊರಿನ ಹತ್ತಿರವೇ ಓದುವುದು ಕಡಿಮೆಯೇನಲ್ಲ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ನಾವೆಲ್ಲ ಹಿಮ್ಸ್ ಎನ್ನುವ ಬೋಧನಾ ಆಸ್ಪತ್ರೆಗೆ ಅರಕಲಗೂಡು, ಬೇಲೂರು, ಸಕಲೇಶಪುರದ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ, ಈಚೆಗೆ ವೈದ್ಯಕೀಯ ಕಾಲೇಜೂ ಬಂದಿದೆ. ಇಂಥ ಕಡೆ ಪೋಸ್ಟಿಂಗ್ ಸಿಗುವ ಸಾಧಾರಣ ಕಟ್ಟಡದ ಕಾಲೇಜು, ಖಾಲಿ ವಾರ್ಡಿರುವ ಗಾಜಿನ ಕಟ್ಟಡದ ಕಾಲೇಜಿಗಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಎಚ್ಚರಿಕೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮೂಲ ಅಂಕಪಟ್ಟಿಗಳನ್ನು ಕಾಲೇಜಿಗೆ ಕೊಡುವಾಗ ಸ್ವೀಕೃತಿ ಪತ್ರ ಪಡೆಯಿರಿ. ನನಗೆ ತಿಳಿದ ಒಬ್ಬ ಹುಡುಗಿ ಒಂದೇ ವರ್ಷಕ್ಕೆ ಕಾಲೇಜು ಬಿಟ್ಟಾಗ, ಉಳಿದ ವರ್ಷಗಳ ಶುಲ್ಕ ಕಟ್ಟುವವರೆಗೆ ಅಂಕಪಟ್ಟಿ ಕೊಡುವುದಿಲ್ಲವೆಂದು ಕಾಲೇಜಿನವರು ಹಟ ಹಿಡಿದರು. ಆಕೆಯ ಬಳಿ ತುಂಡು ಕಾಗದವೂ ಇರಲಿಲ್ಲ.

ನೋಂದಣಿ

ಪರೀಕ್ಷೆ ಪಾಸಾದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ. ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನರ್ಸ್ ಮತ್ತು ಸೂಲಗಿತ್ತಿಯಾಗಿ ನೋಂದಣಿಯಾದ ಮೇಲೆಯೇ ಆ ಹೆಸರಿನಲ್ಲಿ ಕೆಲಸ ಮಾಡಲು ಅವಕಾಶ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಆಯೋಗವೊಂದನ್ನು ತರುವ ಕಾಯ್ದೆ 2023ರಲ್ಲಿ ಅಂಗೀಕಾರವಾಗಿದೆ. ನೋಂದಣಿಯ ಅಗತ್ಯ ಮಾತ್ರ ಅದರಲ್ಲೂ ಹಾಗೆಯೇ ಇದೆ.

ಇಲ್ಲಿ ನಮ್ಮ ಮಕ್ಕಳು ಎಡವುವುದು ಇನಿಷಿಯಲ್‌ನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಸೌಮ್ಯ ಎಚ್.ಆರ್.’, ಆಧಾರ್‌ನಲ್ಲಿ ‘ಸೌಮ್ಯ’ ಮಾತ್ರ, ಪದವಿ ಪ್ರಮಾಣಪತ್ರದಲ್ಲಿ ‘ಎಚ್.ಆರ್. ಸೌಮ್ಯ’ ಎಂದಿದ್ದರೆ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಇರುವಂತೆಯೇ ಉಳಿದೆಲ್ಲ ದಾಖಲೆಗಳನ್ನು ಮೊದಲ ವರ್ಷದಲ್ಲೇ ತಿದ್ದಿಸಿಕೊಳ್ಳಿ.

ಕೆಲಸ ಹುಡುಕುವುದು

ಹೊಸಬರು ಮೊದಲ ಎರಡು ವರ್ಷ ಸಂಬಳಕ್ಕಿಂತ ವಾರ್ಡನ್ನು ನೋಡಬೇಕು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಬೇಗ ಸಿಗುತ್ತದೆ, ನಿಜ. ಆದರೆ ಅಲ್ಲಿ ಬಿಲ್ಲಿಂಗ್ ಕೌಂಟರಿನಿಂದ ಹಿಡಿದು ಎಲ್ಲವನ್ನೂ ನೀವೇ ಮಾಡಬೇಕಾಗಬಹುದು, ಕಲಿಸುವ ಹಿರಿಯ ಸಿಸ್ಟರ್ ಇಲ್ಲದಿರಬಹುದು. ದೊಡ್ಡ ಆಸ್ಪತ್ರೆಯ ಐಸಿಯು ಅಥವಾ ಕ್ಯಾಶುವಾಲ್ಟಿಯಲ್ಲಿ ಆರು ತಿಂಗಳು ಕಳೆದವರ ಕೈ ಪಳಗುವ ರೀತಿಯೇ ಬೇರೆ.

ಸಂದರ್ಶನದಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಕೇಳುವುದು ಸಾಮಾನ್ಯವಾಗಿ ಪುಸ್ತಕದ ವ್ಯಾಖ್ಯೆಗಳನ್ನಲ್ಲ. ‘500 ಎಂಎಲ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ ಬಿಡ್ತೀಯಮ್ಮ?’ ಎನ್ನುತ್ತಾರೆ. 500ನ್ನು 20ರಿಂದ ಗುಣಿಸಿ 240 ನಿಮಿಷಕ್ಕೆ ಭಾಗಿಸಿದರೆ ಸುಮಾರು 42. ಲೆಕ್ಕ ಮಾಡಲು ಒಂದು ನಿಮಿಷ ಹಿಡಿದರೂ ತೊಂದರೆಯಿಲ್ಲ. ಊಹೆಯ ಮೇಲೆ ಉತ್ತರ ಹೇಳುವವರನ್ನು ಮಾತ್ರ ಯಾರೂ ವಾರ್ಡಿಗೆ ಬಿಡುವುದಿಲ್ಲ.

ನೇಮಕಾತಿ ಪತ್ರಕ್ಕೆ ಸಹಿ ಹಾಕುವಾಗ ಬಾಂಡ್ ಎಂಬ ಪದವನ್ನು ಹುಡುಕಿ. ಇಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಹಣ ಎಂಬ ಷರತ್ತಿದ್ದರೆ, ಮೂಲ ಪ್ರಮಾಣಪತ್ರ ಕೇಳಿದರೆ, ಮನೆಯವರೊಂದಿಗೆ ಯೋಚಿಸದೆ ಸಹಿ ಹಾಕಬೇಡಿ. ಸಂಬಳದ ವಿಷಯದಲ್ಲಿ, ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತ್ತು. ಹೊಸಬರಿಗೆ ಅದಕ್ಕಿಂತ ಕಡಿಮೆ ಹೇಳುವ ಕಡೆಗಳು ಈಗಲೂ ಇವೆ. ಚೌಕಾಸಿಗೆ ಕೂರುವಾಗ ಈ ಅಂಕಿ ನೆನಪಿರಲಿ.

ಸರ್ಕಾರಿ ಕೆಲಸಕ್ಕೆ ದಾರಿಗಳು ಹಲವು. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆ ಹುದ್ದೆಗಳಿಗೆ ಆಗಾಗ ಅರ್ಜಿ ಕರೆಯುತ್ತದೆ; ಪ್ರಕಟಣೆಗೂ ಕೊನೆಯ ದಿನಕ್ಕೂ ನಡುವೆ ಕೆಲವೇ ದಿನಗಳಿರುವುದರಿಂದ ದೃಢೀಕೃತ ಪ್ರತಿಗಳ ಎರಡು ಸೆಟ್ ಸದಾ ಸಿದ್ಧವಿರಲಿ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಅಧಿಕಾರಿ ಹುದ್ದೆಗಳಿಗೆ ನಾರ್ಸೆಟ್ ಪರೀಕ್ಷೆ ನಡೆಯುತ್ತದೆ. ಬಿ.ಎಸ್ಸಿ. ಆದವರು ನೋಂದಣಿಯಾದ ಕೂಡಲೇ ಅದನ್ನು ಬರೆಯಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಹಾಗಾಗಿ ಯಾವುದೇ ಆಸ್ಪತ್ರೆ ಬಿಡುವಾಗ ಪಡೆಯುವ ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಕೆಲಸ ಮಾಡಿದ ವಿಭಾಗಗಳ ಜೊತೆಗೆ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆಯನ್ನೂ ಬರೆಸಿಕೊಳ್ಳಿ.